ಯಾವ ಮೀಟಿಂಗಿಗೆ ಹೋಗಲಿ?

ಈ ಸಂಚಿಕೆಗೆ ಆರಿಸಿದ ಪ್ರಶ್ನೆಗಳೆಲ್ಲ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದವು. ಕುಡಿತ ಬಿಡಬೇಕೆನ್ನುವವರು ವಾರವಾರ ಕೂಡುವ ಮೀಟಿಂಗುಗಳ ಬಗ್ಗೆಯೇ ಎಲ್ಲರೂ ಕೇಳಿದ್ದಾರೆ. ಉತ್ತರ ಬರೆದವರು ಮನೋವೈದ್ಯ ವಿಭಾಗದಲ್ಲಿ ಕೆಲಸ ಮಾಡುವ ಸಮಾಜ ಕಾರ್ಯಕರ್ತರು ಮತ್ತು ಆಪ್ತ ಸಮಾಲೋಚಕರು. ಕೇಳಿದವರ ಹೆಸರು ಬಿಟ್ಟಿದ್ದೇವೆ.

ವಯಸ್ಸು 41, ಅಡತಿ ಅಂಗಡಿಯಲ್ಲಿ ಗುಮಾಸ್ತ. ದಿನಾ ಸಂಜೆ ಒಂದೂವರೆ ಕ್ವಾರ್ಟರ್ ಆಗುತ್ತದೆ. ಬೆಳಿಗ್ಗೆ ಚಹಾದ ಕಪ್ಪು ಹಿಡಿದರೆ ಕೈ ನಡುಗುತ್ತದೆ. ಗೆಳೆಯ ಎಎ ಮೀಟಿಂಗಿಗೆ ಹೋಗು ಅಂತಾನೆ, ಮಾವ ಮದ್ಯವರ್ಜನ ಶಿಬಿರ ಅಂತಾರೆ, ಹೆಂಡತಿ ಆಸ್ಪತ್ರೆ ಅಂತಾಳೆ. ಯಾವುದು ಸರಿ?
ಸಿಂಧನೂರು

ಮೊದಲು ಹೆಂಡತಿಯ ಮಾತು ಕೇಳಿ. ಒಂದು ಕ್ವಾರ್ಟರ್ ಅಂದರೆ 180 ಮಿಲಿ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್‌ಗಳಲ್ಲಿ ಮದ್ಯಸಾರದ ಪ್ರಮಾಣ ಶೇ 42.8. ಲೆಕ್ಕ ಹಾಕಿದರೆ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ನಿಮಗೆ ದಿನಕ್ಕೆ 90 ಗ್ರಾಂ ಆಯಿತು. ಬೆಳಿಗ್ಗೆ ಕೈ ನಡುಗುತ್ತದೆ ಅಂದರೆ ದೇಹ ಅದಕ್ಕೆ ಒಗ್ಗಿಬಿಟ್ಟಿದೆ. ಹೀಗಿದ್ದಾಗ ಛಲಕ್ಕೆ ಬಿದ್ದು ಒಂದೇ ಏಟಿಗೆ ನಿಲ್ಲಿಸಿದರೆ ಮೊದಲ ದಿನವೇ ಬೆವರು, ವಾಂತಿ, ಎದೆಬಡಿತ ಶುರುವಾಗುತ್ತವೆ. ಫಿಟ್ಸ್ ಬರುವುದಿದ್ದರೆ ಸಾಮಾನ್ಯವಾಗಿ ಮೊದಲ ಎರಡು ದಿನದೊಳಗೆ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಭ್ರಮೆ ಹಿಡಿಯುತ್ತದೆ: ಗೋಡೆಯ ಮೇಲೆ ಹುಳ ಹರಿದಂತೆ ಕಾಣುವುದು, ಹಗಲು ರಾತ್ರಿ ತಿಳಿಯದಿರುವುದು, ಜ್ವರ. ಇದರಲ್ಲಿ ಜೀವ ಹೋಗುವುದುಂಟು. ಮೀಟಿಂಗಿನಲ್ಲಿ ಕೂತ ಯಾರೂ ಇದನ್ನು ತಡೆಯಲಾರರು. ವೈದ್ಯರು ಕೊಡುವ ಮಾತ್ರೆ ತಡೆಯುತ್ತದೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ವಿಚಾರಿಸಿ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಅದಕ್ಕೆ ಮಂಗಳವಾರ ಗೊತ್ತುಮಾಡಿದ್ದಾರೆ. ರಾಯಚೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆ ರಿಮ್ಸ್‌ಗಾದರೆ ಬೇರೆ ದಿನಗಳಲ್ಲೂ ಹೋಗಬಹುದು. ದಿನಾ ಎಷ್ಟು, ಕೊನೆಯ ಪೆಗ್ ಎಷ್ಟು ಗಂಟೆಗೆ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಕಾಮಾಲೆ ಆಗಿತ್ತೇ, ಈ ನಾಲ್ಕನ್ನು ಮುಚ್ಚಿಡದೆ ಹೇಳಿ. ಎರಡು ಕ್ವಾರ್ಟರನ್ನು ಎರಡು ಪೆಗ್ ಅಂದರೆ ಮಾತ್ರೆಯ ಪ್ರಮಾಣವೇ ತಪ್ಪುತ್ತದೆ. ಸಾಮಾನ್ಯವಾಗಿ ಐದರಿಂದ ಏಳು ದಿನ ಮಾತ್ರೆಯನ್ನು ಇಳಿಸುತ್ತ ಬರುತ್ತಾರೆ, ಜೊತೆಗೆ ಥಯಾಮಿನ್ ಅನ್ನುವ ಬಿ1 ವಿಟಮಿನ್ ಕೊಡುತ್ತಾರೆ. ನಮ್ಮ ಕಡೆ ಸುಸ್ತು ಅಂದ ಕೂಡಲೇ ಊರಿನ ಡಾಕ್ಟರ ಹತ್ತಿರ ಒಂದು ಗ್ಲೂಕೋಸ್ ಬಾಟಲಿ ಏರಿಸಿಕೊಳ್ಳುವ ರೂಢಿ ಇದೆ. ವರ್ಷಗಟ್ಟಲೆ ಕುಡಿದ ದೇಹಕ್ಕೆ ಥಯಾಮಿನ್ ಇಲ್ಲದೆ ಬರೀ ಗ್ಲೂಕೋಸ್ ಏರಿಸಿದರೆ ಇದ್ದಬದ್ದ ಬಿ1 ಖರ್ಚಾಗಿ ಮಿದುಳಿಗೇ ಪೆಟ್ಟು ಬೀಳಬಹುದು. ಬಾಟಲಿ ಹಾಕುವವರಿಗೆ "ನಾನು ದಿನಾ ಕುಡಿಯುವವನು" ಅಂತ ಮೊದಲೇ ಹೇಳಿಬಿಡಿ.

ಆ ವಾರ ದಾಟಿದ ಮೇಲೆ ಉಳಿದ ಎರಡರ ಮಾತು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರ ಎಂಟು ದಿನದ್ದು. ಕುಡಿಯುವ ಜಾಗದಿಂದ, ಕುಡಿಯುವ ಗೆಳೆಯರಿಂದ ದೂರ ಇರಿಸಿ, ಭಜನೆ, ವ್ಯಾಯಾಮ, ಸಲಹೆ, ಮನೆಯವರ ಜೊತೆ ಮಾತುಕತೆ ಎಲ್ಲ ಮಾಡಿಸುತ್ತಾರೆ. ಒಳ್ಳೆಯದೇ. ಆದರೆ ಶಿಬಿರಕ್ಕೆ ಹೋಗಿ ಬಂದು ಮತ್ತೆ ಶುರುಮಾಡಿದವರ ಕಥೆಯಲ್ಲಿ ಕಷ್ಟ ಹೆಚ್ಚಾಗಿ ಒಂಬತ್ತನೆಯ ದಿನದಿಂದಾಚೆಗೇ ಕಾಣುತ್ತದೆ. ಶಿಬಿರ ಮುಗಿಸಿದವರಿಗಾಗಿ ನವಜೀವನ ಸಮಿತಿ ಅಂತ ವಾರದ ಸಭೆ ಮಾಡಿರುವುದು ಅದಕ್ಕೇ. ಶಿಬಿರಕ್ಕೆ ಹೆಸರು ಕೊಡುವಾಗಲೇ "ನಮ್ಮೂರಲ್ಲಿ ಸಮಿತಿ ಯಾವ ದಿನ, ಎಲ್ಲಿ ಕೂಡುತ್ತದೆ" ಅಂತ ಕೇಳಿ. ಅದಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಹೋಗಿ.

ಎಎ, ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, ಬೇರೆ ಬಗೆಯದು. 1935ರಲ್ಲಿ ಅಮೆರಿಕದ ಏಕ್ರನ್ ಎಂಬ ಊರಲ್ಲಿ ಇಬ್ಬರು ಕುಡುಕರು, ಒಬ್ಬ ಷೇರು ವ್ಯಾಪಾರದವನು, ಇನ್ನೊಬ್ಬ ಶಸ್ತ್ರವೈದ್ಯ, ಒಬ್ಬರಿಗೊಬ್ಬರು ಆಸರೆಯಾಗಿ ಕುಡಿತದಿಂದ ದೂರ ಉಳಿದರು. ಅಲ್ಲಿಂದ ಬೆಳೆದದ್ದು ಇದು. ಶಿಬಿರವಿಲ್ಲ, ವೈದ್ಯರಿಲ್ಲ, ಫೀ ಇಲ್ಲ, ಹಾಜರಿ ಪುಸ್ತಕವಿಲ್ಲ. ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸಾಕು, ಸದಸ್ಯರು. ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ ಕೂಡುತ್ತಾರೆ. ಒಬ್ಬರು ಓದುತ್ತಾರೆ, ಒಬ್ಬೊಬ್ಬರಾಗಿ ಮಾತಾಡುತ್ತಾರೆ, ಉಳಿದವರು ನಡುವೆ ಬಾಯಿ ಹಾಕುವುದಿಲ್ಲ. ಕೊನೆಗೆ ಒಂದು ಬುಟ್ಟಿ ಸುತ್ತುತ್ತದೆ. ಸದಸ್ಯರು ಹತ್ತೋ ಇಪ್ಪತ್ತೋ ಹಾಕುತ್ತಾರೆ, ಹೊಸಬರು ಹಾಕದಿದ್ದರೂ ನಡೆಯುತ್ತದೆ. ಇದರಿಂದ ಆಗುವುದುಂಟೇ ಅನ್ನುವವರಿಗೆ: 27 ಅಧ್ಯಯನಗಳು, 10,565 ಜನರನ್ನು ಒಟ್ಟಿಗೆ ನೋಡಿದ, ವೈದ್ಯಕೀಯ ಅಧ್ಯಯನಗಳನ್ನು ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2020ರ ಪರಿಶೀಲನೆಯಲ್ಲಿ, ಪೂರ್ತಿ ಬಿಟ್ಟು ಉಳಿಯುವ ವಿಷಯದಲ್ಲಿ ಎಎ ಮತ್ತು ಅದರತ್ತ ಕಳಿಸುವ ಚಿಕಿತ್ಸೆ ಬೇರೆ ಚಿಕಿತ್ಸೆಗಳಷ್ಟೇ, ಕೆಲವೆಡೆ ಅವಕ್ಕಿಂತ ಚೆನ್ನಾಗಿ ಕೆಲಸ ಮಾಡಿದೆ.

ಈಗ ನಿಮ್ಮ ನಿಜವಾದ ಪ್ರಶ್ನೆ: ಯಾವ ಮೀಟಿಂಗ್? ನಮ್ಮ ಸಲಹೆ ಒಂದೇ. ನೀವು ಯಾವ ಹೊತ್ತಿಗೆ ಕುಡಿಯುತ್ತೀರೋ ಆ ಹೊತ್ತಿಗೆ ನಡೆಯುವ, ವಾರವಾರವೂ ಸುಸ್ತಾಗದೆ ಹೋಗಿಬರಬಹುದಾದ ಮೀಟಿಂಗ್ ಹುಡುಕಿ. ಬೇರೆಲ್ಲ ಗುಣ ಆಮೇಲೆ. ರಾಯಚೂರಲ್ಲಿ ಎಷ್ಟೇ ಒಳ್ಳೆಯ ಮೀಟಿಂಗ್ ಇರಲಿ, ನಿಮಗೆ ಹೋಗಲು ಎರಡು ತಾಸು, ಬರಲು ಎರಡು ತಾಸು. ತೊಗರಿ ಸುಗ್ಗಿ, ಭತ್ತದ ಸುಗ್ಗಿ ಬಂದರೆ ಮೂರನೇ ವಾರ ತಪ್ಪುತ್ತದೆ, ನಾಲ್ಕನೇ ವಾರ ನಾಚಿಕೆಯಾಗುತ್ತದೆ, ಐದನೇ ವಾರ ಅಲ್ಲಿಗೆ ಮುಗಿಯಿತು. ಹತ್ತಿರದ್ದು ಸಾಧಾರಣವಾಗಿದ್ದರೂ ಅದೇ ಇರಲಿ. ತಿಂಗಳಿಗೊಮ್ಮೆ ದೊಡ್ಡ ಮೀಟಿಂಗಿಗೆ ಹೋಗಿ ಬನ್ನಿ.

ವಿಳಾಸ ಹುಡುಕುವ ದಾರಿ ಹೀಗೆ. ಆಸ್ಪತ್ರೆಯ ಮನೋವೈದ್ಯ ವಿಭಾಗದ ಸಮಾಜ ಕಾರ್ಯಕರ್ತರನ್ನು ಕೇಳಿ. ಬಿಟ್ಟವರ ಸಂಪರ್ಕ ಅವರ ಹತ್ತಿರ ಇರುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಎಎಯ ಭಾರತದ ಕಚೇರಿ ಮುಂಬೈಯಲ್ಲಿದೆ, ಅದರ ವೆಬ್‌ಸೈಟಿನಲ್ಲೂ ವಿಚಾರಿಸಬಹುದು. ಪಟ್ಟಿಯಲ್ಲಿ ಕಂಡ ವಿಳಾಸವನ್ನು ನಂಬಿ ನೇರ ಬಸ್ ಹತ್ತಬೇಡಿ. ಸಣ್ಣ ಊರಿನ ಗುಂಪುಗಳು ಜಾಗ ಬದಲಿಸುತ್ತಿರುತ್ತವೆ, ನಿಂತೂ ಹೋಗಿರುತ್ತವೆ. ಮೊದಲ ಸಲ ಧೈರ್ಯ ಮಾಡಿ ಹೋದವನಿಗೆ ಬೀಗ ಹಾಕಿದ ಬಾಗಿಲು ಕಂಡರೆ ಎರಡನೇ ಸಲ ಹೋಗುವುದಿಲ್ಲ. ಹಿಂದಿನ ದಿನ ಫೋನ್ ಮಾಡಿ ಕೇಳಬೇಕಾದ್ದು: ಈ ವಾರ ಮೀಟಿಂಗ್ ಇದೆಯೇ, ಓಪನ್ನೋ ಕ್ಲೋಸ್ಡೋ, ಮಾತು ಕನ್ನಡದಲ್ಲೋ ತೆಲುಗಲ್ಲೋ, ಸಾಮಾನ್ಯವಾಗಿ ಎಷ್ಟು ಜನ ಬರುತ್ತಾರೆ, ಬಾಗಿಲಲ್ಲಿ ಯಾರಾದರೂ ನಿಲ್ಲುತ್ತಾರೆಯೇ. ಓಪನ್ ಅಂದರೆ ಮನೆಯವರನ್ನೂ ಕರೆದುಕೊಂಡು ಹೋಗಬಹುದು; ಕ್ಲೋಸ್ಡ್ ಅಂದರೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಮೊದಲ ಸಲಕ್ಕೆ ಓಪನ್ ಸುಲಭ.

ವಾಪಸ್ ಬರುವ ದಾರಿಯನ್ನು ಮರೆಯಬೇಡಿ. ಮೀಟಿಂಗ್ ಎಂಟಕ್ಕೆ ಮುಗಿದು, ಬಸ್ ಒಂಬತ್ತಕ್ಕೆ ಇದ್ದು, ಬಸ್‌ಸ್ಟ್ಯಾಂಡಿನ ಎದುರೇ ವೈನ್ ಶಾಪ್ ಇದ್ದರೆ ಆ ಒಂದು ಗಂಟೆ ನಿಮ್ಮ ಕೈಯಲ್ಲಿರುವುದಿಲ್ಲ. ಹಿಂದೆ ಜೇಬಲ್ಲಿ ಬಸ್ ಚಾರ್ಜು ಮಾತ್ರ ಇಟ್ಟುಕೊಂಡು ಹೋಗಿ ಅನ್ನುತ್ತಿದ್ದೆವು. ಈಗ ಫೋನೇ ಜೇಬು. ಮೊದಲ ಮೂರು ತಿಂಗಳು ಫೋನ್‌ಪೇಗೆ ಜೋಡಿಸಿದ ಖಾತೆಯಲ್ಲಿ ನೂರಿನ್ನೂರಕ್ಕಿಂತ ಹೆಚ್ಚು ಇಡಬೇಡಿ. ಮೀಟಿಂಗಿನವರೊಬ್ಬರು ಬಸ್ ಹತ್ತಿಸಿ ಹೋಗುವಂತೆ ಕೇಳಿಕೊಳ್ಳಿ. ಕೇಳಿದರೆ ಬೇಸರಪಡುವವರು ಅಲ್ಲಿ ಕಡಿಮೆ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ಒಂದು ಮೀಟಿಂಗಿಗೆ ಹೋಗಿದ್ದೆ, ಹಿಡಿಸಲಿಲ್ಲ. ಚರ್ಚಿನ ಕೋಣೆಯಲ್ಲಿತ್ತು, ದೇವರು ದೇವರು ಅಂದರು. ಅದಕ್ಕಿಂತ ಹೆಚ್ಚಾಗಿ, ನಮ್ಮ ಪ್ಲಾಂಟಿನವರೇ ಒಬ್ಬರು ಎದುರು ಕೂತಿದ್ದರು. ಶಿಫ್ಟ್ ಬೇರೆ ವಾರಕ್ಕೊಮ್ಮೆ ಬದಲಾಗುತ್ತದೆ.
ತೋರಣಗಲ್ಲು

ಒಂದು ಮೀಟಿಂಗ್ ನೋಡಿ ತೀರ್ಮಾನ ಮಾಡಬೇಡಿ. ಆರು ನೋಡಿ. ಆರೂ ಒಂದೇ ಕಡೆಯವಾಗದಂತೆ ನೋಡಿಕೊಳ್ಳಿ. ಒಂದೊಂದು ಗುಂಪಿನ ಸ್ವಭಾವ ಒಂದೊಂದು. ಕೆಲವು ಕಡೆ ಒಬ್ಬರೇ ಅರ್ಧ ಗಂಟೆ ತಮ್ಮ ಕಥೆ ಹೇಳುತ್ತಾರೆ, ಕೆಲವು ಕಡೆ ಕುಡಿತ ಬಿಟ್ಟು ಉಳಿಯಲು ಎಎ ಹಾಕಿಕೊಟ್ಟ ಹನ್ನೆರಡು ಹೆಜ್ಜೆಗಳಲ್ಲಿ ವಾರಕ್ಕೊಂದನ್ನು ಎತ್ತಿಕೊಂಡು ಓದುತ್ತಾರೆ, ಕೆಲವು ಕಡೆ ಕೋಪ, ಸಾಲ, ನಿದ್ದೆ ಹೀಗೆ ಒಂದು ವಿಷಯ ಇಟ್ಟು ಎಲ್ಲರೂ ಮಾತಾಡುತ್ತಾರೆ. ಹೊಸಬರಿಗೆ ಮೂರನೆಯ ಬಗೆಯದು ಬೇಗ ಒಗ್ಗುತ್ತದೆ.

ಚರ್ಚಿನ ಕೋಣೆ ಹಿಡಿಯುವುದು ಬಾಡಿಗೆ ಕಡಿಮೆ ಅಂತ. ಎಎ ಯಾವ ಧರ್ಮಕ್ಕೂ ಸೇರಿದ್ದಲ್ಲ. ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ ನಿಜ, ಅದರ ಜೊತೆಗೇ "ನಾವು ಅರಿತುಕೊಂಡಂತೆ" ಅಂತಲೂ ಇದೆ. ಹಂಪಿಯ ವಿರೂಪಾಕ್ಷನೋ, ಅಲ್ಲಾನೋ, ಆ ಕೋಣೆಯಲ್ಲಿ ಕೂತ ಹತ್ತು ಜನರೋ, ನಿಮ್ಮಿಷ್ಟ. ಕೊನೆಯ ಪ್ರಾರ್ಥನೆಗೆ ಬಾಯಿ ಮುಚ್ಚಿ ನಿಂತರೂ ಯಾರೂ ಕೇಳುವುದಿಲ್ಲ. ಅಷ್ಟಾದರೂ ಮನಸ್ಸು ಒಪ್ಪದಿದ್ದರೆ ಆಸ್ಪತ್ರೆಯ ಗುಂಪು ಸಮಾಲೋಚನೆಗೆ ಹೋಗಿ, ಅಲ್ಲಿ ದೇವರ ಮಾತೇ ಬರುವುದಿಲ್ಲ.

ಪರಿಚಯದವರು ಕಂಡರಲ್ಲ, ಅವರೂ ನಿಮ್ಮನ್ನು ಕಂಡರು. ಕ್ಲೋಸ್ಡ್ ಮೀಟಿಂಗಾಗಿದ್ದರೆ ಅವರೂ ಅದೇ ಕಾರಣಕ್ಕೆ ಬಂದವರು. ಒಳಗೆ ಕೇಳಿದ್ದು ಹೊರಗೆ ಹೋಗಕೂಡದು ಅನ್ನುವುದು ಅಲ್ಲಿಯ ಕಟ್ಟಳೆ, ಆದರೆ ಅದು ನಂಬಿಕೆಯ ಮೇಲೆ ನಡೆಯುವ ಕಟ್ಟಳೆ, ಕಾನೂನಲ್ಲ. ಹಾಗಾಗಿ ಮೊದಲ ಕೆಲವು ವಾರ ಕಂಪನಿ ಹೆಸರು, ಗುತ್ತಿಗೆದಾರರ ಹೆಸರು, ಡ್ಯೂಟಿಯಲ್ಲಿ ಕುಡಿದ ಸಂಗತಿ ಹೇಳಬೇಡಿ. ಹೆಸರು ಒಂದೇ ಸಾಕು, ಮನೆತನದ ಹೆಸರು ಬೇಡ. ಮಾತಾಡಲು ಮನಸ್ಸಿಲ್ಲದಿದ್ದರೆ "ಇವತ್ತು ಕೇಳುತ್ತೇನೆ" ಅಂದರೆ ಮುಂದಿನವರಿಗೆ ಹೋಗುತ್ತಾರೆ. ತೀರಾ ಇರುಸುಮುರುಸಾದರೆ ಬಳ್ಳಾರಿ ಬಿಟ್ಟು ಹೊಸಪೇಟೆ ಕಡೆ ವಿಚಾರಿಸಿ. ತೋರಣಗಲ್ಲಿಗೆ ಎರಡೂ ಹೆಚ್ಚುಕಡಿಮೆ ಅಷ್ಟೇ ದೂರ.

ಶಿಫ್ಟಿನದು ನಿಜವಾದ ತೊಡಕು. ವಾರಕ್ಕೊಂದು ಸಂಜೆಯ ಮೀಟಿಂಗ್ ಅಂದರೆ ಮೂರು ವಾರದಲ್ಲಿ ಒಂದಾದರೂ ಸೆಕೆಂಡ್ ಶಿಫ್ಟಿಗೆ ತಪ್ಪುತ್ತದೆ. ಆ ವಾರಕ್ಕೆ ಆನ್‌ಲೈನ್ ಮೀಟಿಂಗ್ ಇಟ್ಟುಕೊಳ್ಳಿ. 2020ರ ಲಾಕ್‌ಡೌನಿನಲ್ಲಿ ಶುರುವಾದ ಝೂಮ್ ಮೀಟಿಂಗುಗಳಲ್ಲಿ ಎಷ್ಟೋ ಈಗಲೂ ನಡೆಯುತ್ತಿವೆ. ಬೆಳಗಿನವೂ ಇವೆ, ರಾತ್ರಿಯವೂ ಇವೆ. ಕ್ಯಾಮೆರಾ ಮುಚ್ಚಿಟ್ಟು, ಹೆಸರಿನ ಜಾಗದಲ್ಲಿ ಒಂದಕ್ಷರ ಹಾಕಿ ಕೇಳಬಹುದು. ಹೆಡ್‌ಫೋನ್ ಹಾಕಿಕೊಳ್ಳಿ; ಲೇಬರ್ ಕಾಲೊನಿಯ ಕೋಣೆಯಲ್ಲಿ ಸ್ಪೀಕರ್ ಇಟ್ಟು ಕೇಳಿದರೆ ನಿಮ್ಮ ಗುಟ್ಟಿನ ಜೊತೆ ಇನ್ನೊಬ್ಬರದ್ದೂ ಹೋಗುತ್ತದೆ. ಆನ್‌ಲೈನ್ ಒಂದನ್ನೇ ನೆಚ್ಚಬೇಡಿ. ಪರದೆಯಲ್ಲಿ ಕಂಡವನು ಜಾತ್ರೆಯ ರಾತ್ರಿ ನಿಮ್ಮ ಕೋಣೆಯ ಬಾಗಿಲು ತಟ್ಟಲಾರ.

ಅಂದಹಾಗೆ, ಭಾಷೆ. ಪ್ಲಾಂಟಿನಲ್ಲಿ ಹಿಂದಿ ಮಾತಾಡುತ್ತೀರೆಂದು ಹಿಂದಿ ಮೀಟಿಂಗಿಗೆ ಹೋಗಬೇಕಿಲ್ಲ. ಯಾವ ಭಾಷೆಯಲ್ಲಿ ಬೈಯುತ್ತೀರೋ ಆ ಭಾಷೆಯ ಮೀಟಿಂಗ್ ಹುಡುಕಿ. ಮನೆಯ ಜಗಳ, ಸಾಲ, ಅವ್ವನ ಕಣ್ಣೀರು, ಇವು ಕಲಿತ ಭಾಷೆಯಲ್ಲಿ ಹೊರಬರುವುದಿಲ್ಲ.

ನಮ್ಮ ಮನೆಯವರು ಎಲ್ಲಿಗೂ ಬರಲು ಒಪ್ಪುವುದಿಲ್ಲ. ಊಟದಲ್ಲಿ ಗೊತ್ತಾಗದ ಹಾಗೆ ಬೆರೆಸುವ ಪುಡಿ ಸಿಗುತ್ತದೆ ಅಂತಾರೆ, ಕೊಡಲೇ? ಎತ್ತಿಕೊಂಡು ಹೋಗಿ ಬಿಡಿಸುವ ಸೆಂಟರ್ ಇದೆ ಅಂತ ಭಾವನವರು ಹೇಳುತ್ತಿದ್ದಾರೆ. ಅವರ ಬದಲು ನಾನು ಮೀಟಿಂಗಿಗೆ ಹೋಗಬಹುದೇ?
ದೇವದುರ್ಗ ತಾಲ್ಲೂಕು

ಪುಡಿ ಬೇಡ ತಾಯಿ. ಅದರಲ್ಲಿ ಏನಿದೆ ಅನ್ನುವುದು ಮಾರುವವನಿಗೂ ತಿಳಿದಿರುವುದಿಲ್ಲ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯ ಪುಡಿ ಇದ್ದರೆ, ಅದರ ಮೇಲೆ ಕುಡಿದಾಗ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿಯುತ್ತದೆ. ಹೃದಯ ಅಥವಾ ಲಿವರ್ ಕೆಟ್ಟವರಿಗೆ ಪ್ರಾಣವೇ ಹೋಗಬಹುದು. ಮಾತ್ರೆ ನಿಲ್ಲಿಸಿ ಎರಡು ವಾರದ ತನಕವೂ ಈ ಅಪಾಯ ಇರುತ್ತದೆ. ವೈದ್ಯರು ಇದನ್ನು ಕೊಡುವುದುಂಟು, ಆದರೆ ರಕ್ತ ಪರೀಕ್ಷೆ ಮಾಡಿಸಿ, ರೋಗಿಗೆ ತಿಳಿಸಿ, ಅವರ ಒಪ್ಪಿಗೆ ಪಡೆದ ಮೇಲೆ. ಒಪ್ಪಿ ತೆಗೆದುಕೊಳ್ಳುವವರೂ ಕೆಮ್ಮಿನ ಸಿರಪ್ಪು, ಅರಿಷ್ಟ, ಆಸವಗಳಿಂದ ದೂರ ಇರಬೇಕು, ಅವುಗಳಲ್ಲೂ ಮದ್ಯಸಾರ ಇರುತ್ತದೆ. ಕದ್ದು ಹಾಕಿದ್ದು ಗೊತ್ತಾದ ದಿನ ಏನಾಗುತ್ತದೆ ಅನ್ನುವುದನ್ನೂ ಯೋಚಿಸಿ: ಮನೆಯ ಊಟವನ್ನೇ ಮುಟ್ಟದೆ ಹೊರಗೇ ಉಳಿಯುತ್ತಾರೆ.

ಎತ್ತಿಕೊಂಡು ಹೋಗುವ ಸೆಂಟರಿನ ವಿಷಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕುಡಿತದಿಂದ ಬರುವ ಮಾನಸಿಕ ತೊಂದರೆಗಳಿಗೂ ಅನ್ವಯಿಸುತ್ತದೆ. ಒಪ್ಪಿಗೆಯಿಲ್ಲದ ದಾಖಲಾತಿಗೆ ಅದರಲ್ಲಿ ಕಟ್ಟುನಿಟ್ಟಿನ ಕ್ರಮವಿದೆ, ವೈದ್ಯರ ಪರೀಕ್ಷೆ ಬೇಕು. ಸರಪಳಿ ಹಾಕುವುದಂತೂ ನಿಷಿದ್ಧ. ಸೇರಿಸುವ ಮುಂಚೆ ಭಾವನವರನ್ನು ಹಗಲು ಹೊತ್ತಿನಲ್ಲಿ ಹೇಳದೆ ಕೇಳದೆ ಅಲ್ಲಿಗೆ ಕಳಿಸಿ. ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ಗೋಡೆಯ ಮೇಲಿದೆಯೇ, ಮನೋವೈದ್ಯರು ಯಾವ ಯಾವ ದಿನ ಬರುತ್ತಾರೆ, ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ, ಮನೆಯವರು ಭೇಟಿಯಾಗಬಹುದೇ. "ಮೂರು ತಿಂಗಳು ಯಾರೂ ಬರಬಾರದು, ಹಣ ಪೂರ್ತಿ ಮುಂಗಡ" ಅಂದರೆ ತಿರುಗಿ ಬನ್ನಿ.

ಮೀಟಿಂಗಿಗೆ ನೀವು ಖಂಡಿತ ಹೋಗಬಹುದು. ಕುಡಿಯುವವರ ಮನೆಯವರಿಗೆಂದೇ ಅಲ್-ಅನಾನ್ ಅಂತ 1951ರಿಂದ ಬೇರೆ ಸಂಘಟನೆ ಇದೆ, ಅದರಲ್ಲಿ ಹದಿಹರೆಯದ ಮಕ್ಕಳ ಗುಂಪೂ ಉಂಟು. ಗಂಡನನ್ನು ಬಿಡಿಸುವ ಉಪಾಯವನ್ನು ಅಲ್ಲಿ ಹೇಳಿಕೊಡುವುದಿಲ್ಲ, ಅದನ್ನು ಮೊದಲೇ ತಿಳಿದಿರಿ. ನಿಮ್ಮ ನಿದ್ದೆ, ದುಡ್ಡು, ಮಕ್ಕಳು, ಭಯ, ಇವುಗಳ ಮಾತು ಅಲ್ಲಿ. ಗಂಡನ ಪರವಾಗಿ ಅಂಗಡಿ ಸಾಲ ತೀರಿಸುವುದು, ಕೆಲಸಕ್ಕೆ ಹೋಗದ ದಿನ "ಜ್ವರ ಬಂದಿದೆ" ಅಂತ ಮಾಲೀಕರಿಗೆ ಫೋನ್ ಮಾಡುವುದು, ಇಂಥವು ಕುಡಿತವನ್ನು ಹೇಗೆ ಸಾಗಿಸಿಕೊಂಡು ಹೋಗುತ್ತವೆ ಅನ್ನುವುದು ಬೇರೆಯವರ ಬಾಯಲ್ಲಿ ಕೇಳಿದಾಗಲೇ ಹೊಳೆಯುತ್ತದೆ. ಹತ್ತಿರ ಅಲ್-ಅನಾನ್ ಸಿಗದಿದ್ದರೆ ಎಎಯ ಓಪನ್ ಮೀಟಿಂಗಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಕೇಳಿ. ಶಕ್ತಿ ಯೋಜನೆ ಇರುವುದರಿಂದ ಬಸ್ ಖರ್ಚಿನ ಚಿಂತೆ ಇಲ್ಲ. ನಿಮ್ಮ ಜಿಲ್ಲೆಯ ಹೆಂಗಸರೇ 2019ರಲ್ಲಿ ಮದ್ಯ ನಿಷೇಧ ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋದ ಪಾದಯಾತ್ರೆಯ ಮುಂಚೂಣಿಯಲ್ಲಿದ್ದರು. ಆ ಪಾದಯಾತ್ರೆ ನಡೆಸಿದ ಸಂಘಟನೆಯ ಮಹಿಳೆಯರು ನಿಮ್ಮ ತಾಲ್ಲೂಕಿನಲ್ಲೂ ಸಿಗಬಹುದು, ಜೊತೆಗೆ ಬರಲು ಒಬ್ಬರನ್ನು ಕೇಳಿ ನೋಡಿ.

ಹೊಡೆತ ಇದ್ದರೆ ಯಾವ ಮೀಟಿಂಗಿಗೂ ಕಾಯಬೇಡಿ: 112, ಇಲ್ಲವೇ ಮಹಿಳಾ ಸಹಾಯವಾಣಿ 181. ಗಂಡನ ಹತ್ತಿರ ಮೀಟಿಂಗಿನ ಮಾತೆತ್ತಲು ಒಳ್ಳೆಯ ಹೊತ್ತು ಬೆಳಿಗ್ಗೆ, ಇಳಿದಿರುವಾಗ, ಮಕ್ಕಳು ಸ್ಕೂಲಿಗೆ ಹೋದ ಮೇಲೆ. "ಬಿಡು" ಅನ್ನಬೇಡಿ, "ಒಂದು ಸಲ ನನ್ನ ಜೊತೆ ಬಂದು ಕೂತು ಹೋಗೋಣ ಬರ್ರಿ" ಅನ್ನಿ.

ನಮ್ಮಣ್ಣ ಬ್ರಾಂದಿ ಮುಟ್ಟುವುದಿಲ್ಲ, ಸೇಂದಿ ಮಾತ್ರ. ಎರಡು ದಿನ ಸಿಗದಿದ್ದರೆ ತಲೆ ಕೆಟ್ಟವರ ಹಾಗೆ ಆಡುತ್ತಾನೆ, ಒಮ್ಮೆ ಫಿಟ್ಸ್ ಬಂತು. ಸೇಂದಿ ಕುಡಿಯುವವರನ್ನೂ ಮೀಟಿಂಗಿಗೆ ಸೇರಿಸಿಕೊಳ್ಳುತ್ತಾರಾ?
ರಾಯಚೂರು

ಸೇರಿಸಿಕೊಳ್ಳುತ್ತಾರೆ. ಆದರೆ ಆಸ್ಪತ್ರೆ ನಿಮ್ಮ ಅಣ್ಣನಿಗೆ ಇನ್ನೂ ತುರ್ತು. ಈಚಲು ಮರದ ಕಳ್ಳು ಒಂದೇ ಇಂಥ ಫಿಟ್ಸ್ ತರುವುದು ಅಪರೂಪ. ನಮ್ಮ ಗಡಿ ಭಾಗದಲ್ಲಿ ಸೇಂದಿ ಹೆಸರಲ್ಲಿ ಮಾರುವುದರಲ್ಲಿ ಹೆಚ್ಚಾಗಿ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್ ಎಂಬ ಮತ್ತು ಬರಿಸುವ ರಾಸಾಯನಿಕ ಇರುತ್ತದೆ. ಕೆಲವೊಮ್ಮೆ ಅಲ್ಪ್ರಾಜೋಲಂ, ಡಯಾಜೆಪಾಂ ತರಹದ ನಿದ್ದೆ ಮಾತ್ರೆಯ ಪುಡಿಯೂ. ದೇಹ ಒಗ್ಗಿರುವುದು ಅದಕ್ಕೆ. ನಿಂತ ಕೂಡಲೇ ತಡಬಡಿಕೆ, ಭ್ರಮೆ, ಫಿಟ್ಸ್ ಬರುತ್ತವೆ; ಆಚೆ ತೆಲಂಗಾಣದಲ್ಲಿ 2015ರಲ್ಲಿ ಕಲಬೆರಕೆ ಕಳ್ಳು ಒಮ್ಮೆಲೇ ನಿಂತಾಗ ಆಸ್ಪತ್ರೆಗಳು ತುಂಬಿದ್ದು ಇದಕ್ಕೇ. ರಿಮ್ಸ್‌ಗೆ ಕರೆದುಕೊಂಡು ಹೋಗಿ "ಸೇಂದಿ, ಪೌಡರಿನದು" ಅಂತ ಬಿಡಿಸಿ ಹೇಳಿ. ಬರೀ "ಕುಡಿಯುತ್ತಾನೆ" ಅಂದರೆ ವೈದ್ಯರು ವಿಸ್ಕಿಯ ಲೆಕ್ಕ ಹಿಡಿಯುತ್ತಾರೆ, ಚಿಕಿತ್ಸೆಯ ದಿನಗಳ ಲೆಕ್ಕ ತಪ್ಪುತ್ತದೆ. ಮನೆಯಲ್ಲಿ ಕೂಡಿಹಾಕಿ ಬಿಡಿಸುವ ಸಾಹಸ ಬೇಡವೇ ಬೇಡ. ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಚಮಚ, ಕೈಗೆ ಕಬ್ಬಿಣ ಏನನ್ನೂ ಕೊಡದೆ 108ಕ್ಕೆ ಫೋನ್ ಮಾಡಿ.

ನಮ್ಮ ಊರಲ್ಲಿ ಮೀಟಿಂಗೇ ಇಲ್ಲ. ಬಿಟ್ಟು ಎರಡು ವರ್ಷ ಆಯಿತು, ಇನ್ನೊಬ್ಬರೂ ಇದ್ದಾರೆ. ನಾವೇ ಶುರುಮಾಡಬಹುದೇ? ಪರವಾನಗಿ ಬೇಕೇ?
ಕೊಪ್ಪಳ ಜಿಲ್ಲೆ

ಇಬ್ಬರಿದ್ದರೆ ಗುಂಪಾಯಿತು. ಕುಡಿತ ಬಿಡಲು ಇಬ್ಬರು ಮೂವರು ಕೂಡಿದರೆ, ಬೇರಾವ ಸಂಸ್ಥೆಗೂ ಅಂಟಿಕೊಳ್ಳದಿದ್ದರೆ, ತಮ್ಮನ್ನು ಎಎ ಗುಂಪು ಅಂತ ಕರೆದುಕೊಳ್ಳಬಹುದು ಅನ್ನುವುದು ಅದರ ಸಂಪ್ರದಾಯದಲ್ಲೇ ಇದೆ. ಸರ್ಕಾರದ ಪರವಾನಗಿ ಬೇಕಿಲ್ಲ. ಮುಂಬೈ ಕಚೇರಿಗೆ ತಿಳಿಸಿದರೆ ಪಟ್ಟಿಗೆ ಸೇರಿಸುತ್ತಾರೆ, ಓದುವ ಸಾಮಗ್ರಿ ತರಿಸಿಕೊಳ್ಳಬಹುದು.

ಜಾಗ ಮೊದಲು. ಮನೆ ಬೇಡ, ಹೆಂಡತಿ ಮಕ್ಕಳು ಹೊರಗೆ ಕೂರಬೇಕಾಗುತ್ತದೆ, ಬರುವವರಿಗೂ ಸಂಕೋಚ. ಶಾಲೆಯ ಕೋಣೆ, ಸಮುದಾಯ ಭವನ, ಮಠದ ಪಡಸಾಲೆ, ಯಾವುದಾದರೂ ಸರಿ. ಪುಕ್ಕಟೆ ಕೊಟ್ಟರೂ ತಿಂಗಳಿಗೆ ಒಂದಿಷ್ಟು ಬಾಡಿಗೆ ಕೊಡಿ. ಪುಕ್ಕಟೆ ಜಾಗ ಮದುವೆ, ಸಭೆ, ಚುನಾವಣೆ ಬಂದಾಗ ಮೊದಲು ಕೈತಪ್ಪುತ್ತದೆ. ಒಳಗೆ ಹೋಗುವ ದಾರಿ ಮುಖ್ಯ ರಸ್ತೆಗೆ ಎದುರಾಗದಿದ್ದರೆ ಒಳ್ಳೆಯದು, ಹಾಗಂತ ಸಂದಿಗೊಂದಿಯೂ ಬೇಡ. ಹೆಂಗಸರು ಒಬ್ಬರೇ ಬರುವಂತಿರಬೇಕು.

ದಿನ ಯಾವುದು? ಬಟವಾಡೆಯ ದಿನ. ಗಂಗಾವತಿ, ಕಾರಟಗಿ ಕಡೆಯ ರೈಸ್‌ಮಿಲ್ಲು, ಗಾರೆ ಕೆಲಸ, ಹಮಾಲಿ, ಎಲ್ಲಿ ವಾರದ ಕೂಲಿ ಯಾವ ದಿನ ಕೈಗೆ ಬರುತ್ತದೋ ಆ ದಿನ ಸಂಜೆಯೇ ಮೀಟಿಂಗ್ ಇಡಿ, ಏಳರಿಂದ ಎಂಟೂಕಾಲು. ಆ ದಿನ ಯಾರೂ ಬರುವುದಿಲ್ಲ ಅನಿಸುತ್ತದೆ. ಆದರೆ ಕುಡಿಯುವ ದಿನ ಬಿಟ್ಟು ಬೇರೆ ದಿನ ಕೂಡಿದರೆ ಅವತ್ತಿನ ಕುಡಿತ ಹಾಗೇ ಉಳಿಯುತ್ತದೆ. ಗೊತ್ತುಮಾಡಿದ ಮೇಲೆ ಯುಗಾದಿಯಿರಲಿ, ಕರಿ ದಿನವಿರಲಿ, ಗವಿಮಠದ ಜಾತ್ರೆಯಿರಲಿ, ತಪ್ಪಿಸಬೇಡಿ. ಹಬ್ಬದ ದಿನವೇ ಹೆಚ್ಚು ಬೇಕು.

ಹತ್ತು ಕುರ್ಚಿ, ದುಂಡಗೆ. ಎದುರಿಗೆ ಮೇಜು, ವೇದಿಕೆ ಬೇಡ, ಅದಿದ್ದರೆ ಯಾರೋ ಒಬ್ಬರು ಭಾಷಣಕ್ಕೆ ನಿಲ್ಲುತ್ತಾರೆ. ಒಂದು ಥರ್ಮಾಸಿನಲ್ಲಿ ಚಹಾ, ಸಿಹಿ ಸ್ವಲ್ಪ ಹೆಚ್ಚೇ ಇರಲಿ. ಹೊಸದಾಗಿ ಬಿಟ್ಟವರಿಗೆ ಸಿಹಿ ಬೇಕೆನಿಸುತ್ತದೆ. ಒಂದು ಹಾಳೆಯಲ್ಲಿ ನಡೆಸುವ ಕ್ರಮ ಕನ್ನಡದಲ್ಲಿ ಬರೆದಿಡಿ: ಸ್ವಾಗತದ ಮಾತು, ಎರಡು ನಿಮಿಷ ಮೌನ, ಒಂದು ಹೆಜ್ಜೆಯ ಓದು, ತಲಾ ಐದು ನಿಮಿಷದ ಮಾತು, ಬುಟ್ಟಿ, ಮುಕ್ತಾಯ. ಓದು ಬಾರದವರೂ ಬರುತ್ತಾರೆ, ಹಾಗಾಗಿ ಹಾಳೆಯನ್ನು ಸರದಿಯಂತೆ ಎಲ್ಲರ ಕೈಗೆ ಕೊಟ್ಟು ಓದಿಸಬೇಡಿ, ಒಬ್ಬರೇ ಓದಲಿ. ಕಾರ್ಯದರ್ಶಿ, ಖಜಾಂಚಿ, ಚಹಾದವರು, ಈ ಮೂರು ಕೆಲಸ ಆರು ತಿಂಗಳಿಗೊಮ್ಮೆ ಕೈ ಬದಲಾಗಲಿ. ಚಹಾದ ಕೆಲಸ ಹೊಸಬರಿಗೆ ಕೊಡಿ. ಜವಾಬ್ದಾರಿ ಇದ್ದವನು ಅರ್ಧ ಗಂಟೆ ಮುಂಚೆ ಬರಲೇಬೇಕಾಗುತ್ತದೆ, ಅದೇ ಅರ್ಧ ಗಂಟೆ ಅವನಿಗೆ ಗಂಡಾಂತರದ ಹೊತ್ತು.

ಎಲ್ಲಿ ಕೆಡುತ್ತದೆ ಅನ್ನುವುದನ್ನೂ ಹೇಳುತ್ತೇವೆ. ಉದ್ಘಾಟನೆಗೆ ಶಾಸಕರನ್ನು ಕರೆದು, ಬ್ಯಾನರ್ ಕಟ್ಟಿ, ಫೋಟೋ ಹೊಡೆದು ಪೇಪರಿಗೆ ಕೊಟ್ಟರೆ ಅವತ್ತೇ ಮುಗಿಯಿತು. ಮುಖ ಕಂಡವರು ಮುಂದಿನ ವಾರ ಬರುವುದಿಲ್ಲ. ವಾಟ್ಸ್‌ಆಪ್ ಗ್ರೂಪ್ ಮಾಡಿದರೆ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ, ಬೇಡ, ಬ್ರಾಡ್‌ಕಾಸ್ಟ್ ಸಾಕು. ಸದಸ್ಯರ ನಡುವೆ ಕೈಸಾಲ ಕೂಡದು. ಐನೂರು ರೂಪಾಯಿ ಇಸಿದುಕೊಂಡವನು ಅದನ್ನು ತೀರಿಸಲಾಗದೆ ಮೀಟಿಂಗನ್ನೇ ಬಿಡುತ್ತಾನೆ, ಇದು ಎಷ್ಟು ಸಲ ಆಗುತ್ತದೆ ಅಂದರೆ ಮೊದಲ ದಿನವೇ ಹೇಳಿಬಿಡುವುದು ಲೇಸು. ಕುಡಿದು ಬಂದವನನ್ನು ಹೊರಗೆ ಹಾಕಬೇಡಿ, ಹಿಂದೆ ಕೂರಿಸಿ, ಅವತ್ತು ಮಾತಿಗೆ ಮಾತ್ರ ಅವಕಾಶ ಬೇಡ. "ನಾನು ಮಾತ್ರೆ ಇಲ್ಲದೆ ಬಿಟ್ಟೆ, ನೀನೂ ಮಾತ್ರೆ ಬಿಸಾಕು" ಅನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ, ಅವರನ್ನು ಅಲ್ಲೇ ತಡೆಯಿರಿ. ಎಎಯ ಸದಸ್ಯ ವೈದ್ಯನ ಪಾತ್ರ ವಹಿಸಕೂಡದು ಅನ್ನುವುದು ಎಎಯೇ ಹೇಳುವ ಮಾತು.

ಮೊದಲ ತಿಂಗಳುಗಳಲ್ಲಿ ಬಹಳ ಸಲ ನೀವಿಬ್ಬರೇ ಇರುತ್ತೀರಿ. ಆದರೂ ಏಳಕ್ಕೆ ಬಾಗಿಲು ತೆಗೆದು ಎಂಟೂಕಾಲಿನ ತನಕ ಕೂರಿ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ ದಿನ, ಜಾಗ, ಒಂದು ಫೋನ್ ನಂಬರ್ ಬರೆದ ಚೀಟಿ ಕೊಟ್ಟುಬನ್ನಿ, ಬಿಡುಗಡೆಯಾಗುವ ರೋಗಿಗಳ ಕೈಗೆ ಅದು ಸೇರಲಿ. ದೇಶದಲ್ಲಿ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮೊದಲು ಮಾಡಿ ನೋಡಿದ್ದು ನಿಮ್ಮ ಪಕ್ಕದ ಬಳ್ಳಾರಿಯಲ್ಲೇ. ಈ ಭಾಗದ ಆಸ್ಪತ್ರೆಗಳಿಗೆ ಹಳ್ಳಿಗೆ ಮರಳುವ ರೋಗಿಯ ಕಷ್ಟ ಹೊಸದಲ್ಲ, ನಿಮ್ಮ ಚೀಟಿಯನ್ನು ಬೇಡ ಅನ್ನಲಾರರು.

ನಾನು ಹೆಂಗಸು, ಕುಡಿಯುವುದೂ ನಾನೇ. ಗಂಡಸರೇ ತುಂಬಿರುವ ಕೋಣೆಗೆ ಹೇಗೆ ಹೋಗಲಿ?
ಬಳ್ಳಾರಿ

ಮೊದಲ ತಿಂಗಳು ಹೋಗದಿದ್ದರೂ ನಡೆಯುತ್ತದೆ. ಹೆಂಗಸರಿಗಷ್ಟೇ ನಡೆಯುವ ಆನ್‌ಲೈನ್ ಮೀಟಿಂಗುಗಳಿವೆ, ಅಲ್ಲಿಂದ ಶುರುಮಾಡಿ, ಅಲ್ಲಿಯೇ ಒಬ್ಬ ಹೆಣ್ಣುಮಗಳನ್ನು ಸ್ಪಾನ್ಸರ್ ಮಾಡಿಕೊಳ್ಳಿ. ಸ್ಪಾನ್ಸರ್ ಅಂದರೆ ನಿಮಗಿಂತ ಮುಂಚೆ ಬಿಟ್ಟು ಹೆಜ್ಜೆಗಳನ್ನು ದಾಟಿದವರು, ಕುಡಿಯಬೇಕೆನಿಸಿದಾಗ ನೀವು ಫೋನ್ ಮಾಡುವವರು. ಗಂಡಸರು ಎಷ್ಟೇ ಒಳ್ಳೆಯವರಿರಲಿ, ಹೆಂಗಸಿಗೆ ಹೆಂಗಸೇ ಸ್ಪಾನ್ಸರ್ ಆಗಬೇಕು. ಹೊಸದಾಗಿ ಬಂದ ಹೆಂಗಸಿಗೆ "ಬಿಡಿಸುತ್ತೇನೆ" ಅಂತ ರಾತ್ರಿ ಮೆಸೇಜ್ ಕಳಿಸುವವರು ಎಲ್ಲ ಊರಲ್ಲೂ ಇದ್ದಾರೆ. ನಂಬರ್ ಕೊಡಬೇಡಿ, ಕಾಡಿದರೆ ಗುಂಪಿನ ಕಾರ್ಯದರ್ಶಿಗೆ ಹೇಳಿ, ಅವರೇ ಕಾಡುವವರಾಗಿದ್ದರೆ ಆ ಗುಂಪೇ ಬೇಡ. ಬಸುರಿ ಅನ್ನುವ ಅನುಮಾನ ಇದ್ದರೆ, ಇಲ್ಲವೇ ನಿದ್ದೆ ಮಾತ್ರೆಯೂ ಜೊತೆಗಿದ್ದರೆ, ಬಿಡುವ ಮುಂಚೆ ವೈದ್ಯರಿಗೆ ಹೇಳಲೇಬೇಕು. ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಅನ್ನುವ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ.

ಐದು ತಿಂಗಳು ಬಿಟ್ಟಿದ್ದೆ. ತಮ್ಮನ ಮದುವೆಯಲ್ಲಿ ಒಂದು ನೈಂಟಿ ಆಯಿತು, ಆಮೇಲೆ ನಾಲ್ಕು ದಿನ. ಮೀಟಿಂಗಿಗೆ ಯಾವ ಮುಖ ಇಟ್ಟುಕೊಂಡು ಹೋಗಲಿ?
ಕುಷ್ಟಗಿ

ಮುಂದಿನ ಮೀಟಿಂಗಿಗೇ ಹೋಗಿ, ಇರುವ ಮುಖದಲ್ಲೇ. ಅಲ್ಲಿ ಕೂತವರಲ್ಲಿ ಎಷ್ಟೋ ಜನ ಜಾರಿ ಬಂದವರೇ. ದಿನದ ಲೆಕ್ಕ ಒಂದರಿಂದ ಶುರುವಾಗುತ್ತದೆ ಅಷ್ಟೇ, ಐದು ತಿಂಗಳಲ್ಲಿ ಕಲಿತದ್ದು ಅಳಿಸುವುದಿಲ್ಲ. ನಾಲ್ಕು ದಿನ ಸತತ ಕುಡಿದಿದ್ದರಿಂದ ಕೈ ನಡುಕ ಮರಳಿದ್ದರೆ ಮೊದಲು ವೈದ್ಯರ ಹತ್ತಿರ. ಮೀಟಿಂಗಿನಲ್ಲಿ ಮದುವೆಯ ಆ ದಿನವನ್ನು ಬಿಡಿಸಿ ಹೇಳಿ: ಊಟ ಎಷ್ಟು ಗಂಟೆಗೆ ಆಯಿತು, ಯಾರ ಮೇಲೆ ಸಿಟ್ಟಿತ್ತು, ಒಬ್ಬರೇ ಇದ್ದಿರಾ, ಹಿಂದಿನ ರಾತ್ರಿ ನಿದ್ದೆ ಆಗಿತ್ತೇ. ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕರಲ್ಲಿ ಒಂದಿಲ್ಲದೆ ಜಾರಿದವರು ಕಡಿಮೆ. ಇನ್ನೊಂದು ಮದುವೆ ಬರುತ್ತದೆ. ಅದಕ್ಕೆ ಹೋಗುವಾಗ ಹೊಟ್ಟೆ ತುಂಬ ಉಂಡು ಹೋಗಿ, ಅಕ್ಷತೆ ಮುಗಿದ ಕೂಡಲೇ ಹೊರಡುವ ಬಸ್ಸು ನೋಡಿಟ್ಟುಕೊಳ್ಳಿ, ಸ್ಪಾನ್ಸರಿಗೆ ಹೋಗುವ ಮುಂಚೆ ಒಂದು ಫೋನು, ಬಂದ ಮೇಲೆ ಒಂದು ಫೋನು.